ಔಷಧದಾನಕ್ಕೆ ಭಕ್ತಿಯಷ್ಟೇ ವಿಜ್ಞಾನವೂ ಬೇಕು

ಆಹಾರ, ಔಷಧ, ಶಾಸ್ತ್ರ ಮತ್ತು ಅಭಯ ಎಂಬ ನಾಲ್ಕು ದಾನಗಳನ್ನು ಜೈನಾಚಾರ್ಯರು ಶ್ರಾವಕನಿಗೆ ವಿಧಿಸಿದ್ದಾರೆ. ಇವುಗಳಲ್ಲಿ ಔಷಧದಾನಕ್ಕೆ ವಿಶೇಷವಾದ ಸ್ಥಾನವಿದೆ. ರೋಗಪೀಡಿತನಾದವನು ಸ್ವಾಧ್ಯಾಯಕ್ಕೆ ಕೂರಲಾರ, ವ್ರತವನ್ನು ಪಾಲಿಸಲಾರ, ಧ್ಯಾನದಲ್ಲಿ ಚಿತ್ತವನ್ನು ನಿಲ್ಲಿಸಲಾರ. ಆದ್ದರಿಂದ ರೋಗವನ್ನು ನೀಗಿಸುವವನು ದೇಹವನ್ನಷ್ಟೇ ಉಳಿಸುವುದಿಲ್ಲ, ಧರ್ಮಸಾಧನೆಯ ಅವಕಾಶವನ್ನೂ ಉಳಿಸಿಕೊಡುತ್ತಾನೆ. ಔಷಧದಾನಕ್ಕೆ ಆಚಾರ್ಯ ಸಮಂತಭದ್ರರು ತಮ್ಮ ರತ್ನಕರಂಡಕ ಶ್ರಾವಕಾಚಾರದಲ್ಲಿ ವೃಷಭಸೇನೆಯ ಹೆಸರನ್ನು ದೃಷ್ಟಾಂತವಾಗಿ ಇಟ್ಟಿರುವುದು ಶ್ರಾವಕ ಶ್ರಾವಿಕೆಯರಿಗೆಲ್ಲ ತಿಳಿದ ಸಂಗತಿ.

ಇಂದು ಔಷಧದಾನವು ಬಗೆಬಗೆಯ ರೂಪಗಳಲ್ಲಿ ನಮ್ಮ ಮನೆಗಳಲ್ಲಿ ನಡೆಯುತ್ತಿದೆ. ಕೆಮ್ಮಿದವರಿಗೆ ಕಷಾಯ, ಸೊರಗಿದವರಿಗೆ ಅಶ್ವಗಂಧದ ಮಾತ್ರೆ, ಸಕ್ಕರೆ ಕಾಯಿಲೆಯವರಿಗೆ ಮೆಂತ್ಯದ ಪುಡಿ, ಕೀಲುನೋವಿಗೆ ಅರಿಶಿನದ ಸಾರ ತುಂಬಿದ ಕ್ಯಾಪ್ಸೂಲ್. ನೆರೆಮನೆಯವರು ಹೇಳುತ್ತಾರೆ, ಮೊಬೈಲಿನ ಸಂದೇಶ ಹೇಳುತ್ತದೆ, ಅಂಗಡಿಯ ಡಬ್ಬಿಯೂ ಹೇಳುತ್ತದೆ: ಇದು ಗಿಡಮೂಲಿಕೆ, ಇದರಿಂದ ಏನೂ ಆಗುವುದಿಲ್ಲ. ಕೊಡುವವರ ಮನಸ್ಸಿನಲ್ಲಿ ಕರುಣೆಯಿದೆ ಎಂಬುದರಲ್ಲಿ ಸಂಶಯವಿಲ್ಲ. ಆದರೆ ಕರುಣೆಯೊಂದೇ ಸಾಕೆ? ಜಿನಾಗಮದ ಬೆಳಕಿನಲ್ಲಿ ಈ ಪ್ರಶ್ನೆಯನ್ನು ವಿಚಾರಿಸಬೇಕಾಗಿದೆ.

ಅಮೃತವನ್ನೂ ವಿಷವನ್ನೂ ಅರಿತ ಪರಂಪರೆ

ಜೈನ ಪರಂಪರೆಗೆ ವೈದ್ಯವು ಹೊರಗಿನಿಂದ ಬಂದ ವಿದ್ಯೆಯಲ್ಲ. ಹದಿನಾಲ್ಕು ಪೂರ್ವಗಳಲ್ಲಿ ಹನ್ನೆರಡನೆಯದಾದ ಪ್ರಾಣಾವಾಯವು ಆಯುರ್ವೇದಕ್ಕೆ ಸಂಬಂಧಿಸಿದ್ದು. ಸರ್ವಾರ್ಥಸಿದ್ಧಿಯನ್ನು ರಚಿಸಿದ ಪೂಜ್ಯಪಾದರು ವೈದ್ಯಗ್ರಂಥವನ್ನೂ ರಚಿಸಿದ್ದರೆಂದು ನಮ್ಮ ಪರಂಪರೆ ಸ್ಮರಿಸುತ್ತದೆ. ಆ ಕಲ್ಯಾಣಕಾರಕವನ್ನು 12ನೆಯ ಶತಮಾನದ ಜಗದ್ದಳ ಸೋಮನಾಥನು ಕನ್ನಡಕ್ಕೆ ತಂದನು. ಅದಕ್ಕೂ ಮೊದಲು, 9ನೆಯ ಶತಮಾನದಲ್ಲಿ, ಉಗ್ರಾದಿತ್ಯಾಚಾರ್ಯರು ಸಂಸ್ಕೃತದಲ್ಲಿ ಕಲ್ಯಾಣಕಾರಕವನ್ನು ಬರೆದು, ಮದ್ಯ ಮಾಂಸ ಮಧುಗಳ ನೆರವಿಲ್ಲದೆಯೇ ರೋಗಗಳನ್ನು ನಿವಾರಿಸಬಹುದೆಂದು ಸಾಧಿಸಿದರು. ನೃಪತುಂಗನೆಂದು ಖ್ಯಾತನಾದ ರಾಷ್ಟ್ರಕೂಟ ಅಮೋಘವರ್ಷನ ಸಭೆಯಲ್ಲಿ, ಔಷಧದ ಹೆಸರಿನಲ್ಲಿಯೂ ಮಾಂಸಭಕ್ಷಣೆ ಸಲ್ಲದೆಂದು ಅವರು ವಾದಿಸಿದ ವಿಷಯ ಅದರ ಹಿತಾಹಿತಾಧ್ಯಾಯದಲ್ಲಿದೆ.

ಇಷ್ಟಕ್ಕೆ ನಿಲ್ಲಿಸಿದರೆ ನಾವು ಪರಂಪರೆಯ ಅರ್ಧವನ್ನು ಮಾತ್ರ ಹೇಳಿದಂತಾಗುತ್ತದೆ. 14ನೆಯ ಶತಮಾನದ ಜೈನಕವಿ ಮಂಗರಾಜನು ಖಗೇಂದ್ರಮಣಿದರ್ಪಣವೆಂಬ ವಿಷವೈದ್ಯಗ್ರಂಥವನ್ನು ಕನ್ನಡದಲ್ಲಿ ರಚಿಸಿದನು. ಹಾವು ಚೇಳುಗಳ ಜಂಗಮವಿಷದ ಜೊತೆಗೆ ಸ್ಥಾವರವಿಷವನ್ನೂ, ಎಂದರೆ ಬೇರು, ಎಲೆ, ಕಾಯಿ, ಹಾಲುಗಳಲ್ಲಿ ಅಡಗಿರುವ ವಿಷವನ್ನೂ ಆತ ಪ್ರತ್ಯೇಕವಾಗಿ ವಿವೇಚಿಸಿದ್ದಾನೆ. ಗಿಡದಿಂದ ಬಂದದ್ದೆಲ್ಲ ಸೌಮ್ಯವೆಂದು ಆತ ಭಾವಿಸಿರಲಿಲ್ಲ. ಉಮ್ಮತ್ತಿ, ಕಾಸರಕ, ಗುಲಗಂಜಿಗಳು ಗಿಡಗಳೇ. ಹೊಲದ ಬದುವಿನಲ್ಲಿ ಸಹಜವಾಗಿ ಬೆಳೆಯುವಂಥವೇ. ಅವುಗಳಿಂದ ಪ್ರಾಣವೂ ಹೋಗಬಲ್ಲುದು, ಬಲ್ಲವನ ಕೈಯಲ್ಲಿ ಶುದ್ಧಿಗೊಂಡರೆ ಔಷಧವೂ ಆಗಬಲ್ಲುದು. ಒಂದೇ ವಸ್ತುವಿನಲ್ಲಿ ಅನೇಕ ಧರ್ಮಗಳಿವೆಯೆಂದು ಹೇಳುವ ಅನೇಕಾಂತಕ್ಕೆ ಇದಕ್ಕಿಂತ ಸಮೀಪದ ಉದಾಹರಣೆ ಬೇಕಿಲ್ಲ. ಅಮೃತಬಳ್ಳಿಯು ಅಮೃತವೇ ಎಂದು ಏಕಾಂತವಾಗಿ ಹಿಡಿಯುವುದೂ, ಮೂಲಿಕೆಗಳೆಲ್ಲ ವ್ಯರ್ಥವೆಂದು ತಳ್ಳಿಹಾಕುವುದೂ ಸಮ್ಯಕ್ ದೃಷ್ಟಿಯಲ್ಲ. ಯಾರಿಗೆ, ಎಷ್ಟು, ಯಾವಾಗ, ಯಾವುದರೊಂದಿಗೆ ಎಂಬ ಅಪೇಕ್ಷೆಗಳಿಂದ ಅದು ಔಷಧವೋ ವಿಷವೋ ಎಂಬುದು ನಿರ್ಣಯವಾಗುತ್ತದೆ.

ಪ್ರಮಾದದಲ್ಲಿ ಹಿಂಸೆಯಿದೆ

ತತ್ತ್ವಾರ್ಥಸೂತ್ರವು ಹಿಂಸೆಯನ್ನು ನಿರೂಪಿಸುವಾಗ ಪ್ರಾಣಕ್ಕೆ ಆದ ಹಾನಿಯನ್ನು ಮಾತ್ರ ನೋಡದೆ, ಆ ಹಾನಿಯ ಹಿಂದಿರುವ ಪ್ರಮಾದವನ್ನು ಎತ್ತಿ ಹೇಳುತ್ತದೆ. ನಾಲ್ಕು ಮೊಳ ಮುಂದೆ ನೋಡಿ ಹೆಜ್ಜೆಯಿಡುವ ಮುನಿಯ ಪಾದದಡಿ ಒಂದು ಸೂಕ್ಷ್ಮಜೀವಿ ಸಿಲುಕಿದರೂ ಅವರಿಗೆ ಹಿಂಸೆಯ ಬಂಧವಿಲ್ಲ. ನೋಡದೆ ನಡೆಯುವವನ ಪಾದದಡಿ ಯಾವ ಜೀವಿಯೂ ಸಾಯದಿದ್ದರೂ ಅವನು ಹಿಂಸಕನೇ. ಯತ್ನಾಚಾರವೇ ಅಹಿಂಸೆಯ ತಿರುಳು.

ಈ ಮಾತನ್ನು ಮನೆಯ ಔಷಧದ ಡಬ್ಬಿಗೂ ಅನ್ವಯಿಸಬೇಕು. ವಿಚಾರಿಸದೆ ಕೊಟ್ಟ ಪುಡಿಯಿಂದ ವೃದ್ಧರೊಬ್ಬರ ಮೂತ್ರಪಿಂಡ ಕೆಟ್ಟರೆ, ಕೊಟ್ಟವನ ಭಾವ ಒಳ್ಳೆಯದಿದ್ದರೂ ಯತ್ನವಿರಲಿಲ್ಲ. ತನ್ನ ದೇಹವೂ ಪ್ರಾಣಗಳಿಗೆ ಆಶ್ರಯವಾದ್ದರಿಂದ ತನಗೆ ತಾನೇ ಮಾಡಿಕೊಳ್ಳುವ ಅಜಾಗರೂಕ ಚಿಕಿತ್ಸೆಯೂ ಪ್ರಮಾದವೇ.

ಹಾಗಾದರೆ ಯತ್ನವೆಂದರೇನು? ಅದೇ ಸೂತ್ರಗ್ರಂಥದಲ್ಲಿ ದಾನದ ಫಲವು ನಾಲ್ಕು ವಿಷಯಗಳಿಂದ ಹೆಚ್ಚು ಕಡಿಮೆಯಾಗುತ್ತದೆಂದು ಉಮಾಸ್ವಾಮಿಗಳು ಹೇಳಿದ್ದಾರೆ: ವಿಧಿ, ದ್ರವ್ಯ, ದಾತೃ, ಪಾತ್ರ. ಮೂಲಿಕೆಯನ್ನು ಸೇವಿಸುವ ಮುನ್ನ, ಇನ್ನೊಬ್ಬರಿಗೆ ಕೊಡುವ ಮುನ್ನ ಕೇಳಿಕೊಳ್ಳಬೇಕಾದ ಪ್ರಶ್ನೆಗಳೆಲ್ಲವೂ ಈ ನಾಲ್ಕು ಪದಗಳಲ್ಲಿ ಅಡಕವಾಗಿವೆ.

ದ್ರವ್ಯ: ಇದು ನಿಜವಾಗಿ ಏನು?

ಮೊದಲನೆಯದು ದ್ರವ್ಯಶುದ್ಧಿ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂ ದೇಶದಲ್ಲಿ ಮೈತೂಕ ಇಳಿಸಲೆಂದು ಗಿಡಮೂಲಿಕೆಯ ಗುಳಿಗೆಗಳನ್ನು ಸೇವಿಸಿದ ಅನೇಕ ಮಹಿಳೆಯರ ಮೂತ್ರಪಿಂಡಗಳು ನಾಶವಾದವು. ಹೆಸರಿನ ಹೋಲಿಕೆಯಿಂದ ಒಂದು ಚೀನೀ ಮೂಲಿಕೆಯ ಜಾಗಕ್ಕೆ ಅರಿಸ್ಟೊಲೋಕಿಯಾ ಕುಲದ ಇನ್ನೊಂದು ಸೇರಿಕೊಂಡಿತ್ತು. ಅದೇ ಕುಲದ ಬಳ್ಳಿಯೊಂದು ನಮ್ಮ ನಾಡಿನಲ್ಲಿಯೂ ಇದೆ. ಹಳ್ಳಿಗಳಲ್ಲಿ ಅದನ್ನು ಈಶ್ವರಿ ಬೇರೆಂದು ಕರೆದು ವಿಷಹರವೆಂದು ನಂಬಿದ್ದಾರೆ. ಈ ಕುಲದ ಗಿಡಗಳಲ್ಲಿರುವ ಆಮ್ಲವು ಮೂತ್ರಪಿಂಡಕ್ಕೆ ಮಾರಕವೆಂದೂ ಕ್ಯಾನ್ಸರ್‌ಕಾರಕವೆಂದೂ ಇಂದು ಸಿದ್ಧಪಟ್ಟಿದೆ. ಪೂರ್ವಜರ ಹೆಸರು ಹೇಳಿ ಇಂಥ ಬೇರನ್ನು ತೇದು ಕುಡಿಸುವುದು ಪೂರ್ವಜರ ಭಕ್ತಿಯಲ್ಲ.

ಕೋವಿಡ್ ಕಾಲದಲ್ಲಿ ಅಮೃತಬಳ್ಳಿಯ ಕಷಾಯ ಮನೆಮನೆಗೂ ಬಂದಿತು. ಅದನ್ನು ನಿತ್ಯವೂ ಸೇವಿಸಿದ ಕೆಲವರ ಯಕೃತ್ತು ಊದಿಕೊಂಡದ್ದನ್ನು ಮುಂಬೈ ವೈದ್ಯರು 2021ರಲ್ಲಿ ವರದಿ ಮಾಡಿದರು. ಆಯುಷ್ ಸಚಿವಾಲಯವು ಅದನ್ನು ಒಪ್ಪದೆ, ಅಮೃತಬಳ್ಳಿಯನ್ನೇ ಹೋಲುವ ಬೇರೆ ಜಾತಿಯ ಬಳ್ಳಿಯ ಸಾಧ್ಯತೆಯನ್ನು ಮುಂದಿಟ್ಟಿತು. ಈ ವಾದದಲ್ಲಿ ಯಾವ ಪಕ್ಷ ಗೆದ್ದರೂ ಗೃಹಸ್ಥನಿಗೆ ದೊರೆಯುವ ಪಾಠ ಒಂದೇ: ಗುರುತು ಖಚಿತವಿಲ್ಲದ ಬಳ್ಳಿಯನ್ನು ಬಾಯಿಗೆ ಹಾಕಬಾರದು; ಖಚಿತವಿದ್ದರೂ ವೈದ್ಯರನ್ನು ಕೇಳದೆ ತಿಂಗಳುಗಟ್ಟಲೆ ಸೇವಿಸಬಾರದು.

ಶುದ್ಧಿಯ ಮಾತೂ ಇದೆ. ಅಮೆರಿಕದ ಬಾಸ್ಟನ್ ಸುತ್ತಲಿನ ಅಂಗಡಿಗಳಿಂದ ತಂದ 70 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿದಾಗ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಕಂಡುಬಂದಿತೆಂದು 2004ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಆದ್ದರಿಂದ ಪರವಾನಗಿ ಸಂಖ್ಯೆ, ತಯಾರಕರ ವಿಳಾಸ, ತಯಾರಿಕೆಯ ದಿನಾಂಕಗಳಿಲ್ಲದ ಪೊಟ್ಟಣವನ್ನು ಕೊಳ್ಳಬಾರದು. ವಿಷಾಂಶವುಳ್ಳ ಮೂಲದ್ರವ್ಯಗಳನ್ನು ನಮ್ಮ ದೇಶದ ಔಷಧ ನಿಯಮಗಳು ಪ್ರತ್ಯೇಕವಾಗಿ ಪಟ್ಟಿಮಾಡಿವೆ. ಅವು ಬೆರೆತ ಆಯುರ್ವೇದ ಔಷಧದ ಮೇಲೆ ವೈದ್ಯರ ಮೇಲ್ವಿಚಾರಣೆಯಲ್ಲಿಯೇ ಸೇವಿಸಬೇಕೆಂಬ ಎಚ್ಚರಿಕೆ ಇರಬೇಕು. ಆ ಸಣ್ಣ ಅಕ್ಷರಗಳನ್ನು ಓದುವುದೂ ಒಂದು ಸ್ವಾಧ್ಯಾಯವೇ.

ಶ್ರಾವಕನಿಗೆ ದ್ರವ್ಯಶುದ್ಧಿಯ ಇನ್ನೊಂದು ಮುಖವುಂಟು. ಮೂಲಿಕೆಯ ಪುಡಿ ಶುದ್ಧವಾಗಿದ್ದರೂ ಅದನ್ನು ತುಂಬಿದ ಕ್ಯಾಪ್ಸೂಲಿನ ಕವಚವು ಜೆಲಾಟಿನ್ ಆಗಿದ್ದರೆ ಅದು ಪ್ರಾಣಿಗಳ ಚರ್ಮ ಮತ್ತು ಎಲುಬಿನಿಂದ ಬಂದದ್ದು. ಸಸ್ಯಮೂಲದ ಕವಚಗಳೂ ದೊರೆಯುತ್ತವೆ. ಆಸವ ಮತ್ತು ಅರಿಷ್ಟಗಳಲ್ಲಿ ಹುದುಗುವಿಕೆಯಿಂದ ಮದ್ಯಸಾರ ಹುಟ್ಟಿರುತ್ತದೆ. ಅನೇಕ ಲೇಹ್ಯಗಳಲ್ಲಿ ಜೇನು ಸೇರಿರುತ್ತದೆ. ವ್ರತಧಾರಿಗಳು ಇದನ್ನು ಮೊದಲೇ ಹೇಳಿದರೆ ವೈದ್ಯರು ಚೂರ್ಣ, ಕಷಾಯ ಅಥವಾ ಮಾತ್ರೆಯ ರೂಪದಲ್ಲಿ ಬೇರೆ ಯೋಗವನ್ನು ಸೂಚಿಸಬಲ್ಲರು.

ವಿಧಿ: ಎಷ್ಟು, ಹೇಗೆ?

ಅಡುಗೆಯ ಅರಿಶಿನಕ್ಕೂ ಅರಿಶಿನದ ಸಾರಕ್ಕೂ ವ್ಯತ್ಯಾಸ ಬಹಳ. ಸಾರಿಗೆ ಹಾಕುವ ಚಿಟಿಕೆ ಅರಿಶಿನದಿಂದ ತಲೆಮಾರುಗಳು ಕ್ಷೇಮವಾಗಿ ಬಾಳಿವೆ. ಆದರೆ ಅದರ ಸಾರವನ್ನು ಹಿಂಡಿ ತೆಗೆದು, ಮೈಗೆ ಬೇಗ ಹತ್ತಲೆಂದು ಕಾಳುಮೆಣಸಿನ ಅಂಶವನ್ನೂ ಕೂಡಿಸಿದ ಕ್ಯಾಪ್ಸೂಲಿನಿಂದ ಯಕೃತ್ತಿಗೆ ಹಾನಿಯಾದ ಪ್ರಸಂಗಗಳು ಹಲವು ದೇಶಗಳಲ್ಲಿ ದಾಖಲಾಗಿವೆ. ಅಶ್ವಗಂಧದ ವಿಷಯದಲ್ಲಿಯೂ ಇಂಥ ವರದಿಗಳಿವೆ. ಅದು ಥೈರಾಯ್ಡ್ ಗ್ರಂಥಿಯ ಸ್ರಾವವನ್ನು ಹೆಚ್ಚಿಸಬಹುದು. ಕೆಮ್ಮಿಗೆ ಹಿತವಾದ ಜ್ಯೇಷ್ಠಮಧುವನ್ನು ಬಹುಕಾಲ ಹೆಚ್ಚಾಗಿ ಸೇವಿಸಿದರೆ ರಕ್ತದೊತ್ತಡ ಏರುತ್ತದೆ, ದೇಹದ ಪೊಟಾಸಿಯಂ ಇಳಿಯುತ್ತದೆ. ಇಸಬ್‌ಗೋಲು ಎಷ್ಟೇ ಸೌಮ್ಯವಾದರೂ ಸಾಕಷ್ಟು ನೀರಿಲ್ಲದೆ ನುಂಗಿದರೆ ಗಂಟಲಲ್ಲಿಯೇ ಉಬ್ಬಿ ಕಟ್ಟಿಕೊಳ್ಳಬಹುದು.

ನಾಲಿಗೆಯ ಎಚ್ಚರಿಕೆಯನ್ನೂ ಉಪೇಕ್ಷಿಸಲಾಗದು. ಮುಂಜಾನೆ ಸೋರೆಕಾಯಿಯ ರಸವನ್ನು ಕುಡಿಯುವ ರೂಢಿ ಹಬ್ಬಿದಾಗ ಕಹಿಯಾದ ರಸದಿಂದ ವಾಂತಿ, ರಕ್ತಸ್ರಾವಗಳಾಗಿ ಕೆಲವರು ಮೃತಪಟ್ಟರು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯು ನೇಮಿಸಿದ ತಜ್ಞರ ಸಮಿತಿಯು, ರಸ ತೆಗೆಯುವ ಮೊದಲು ಕಾಯಿಯ ಚೂರನ್ನು ರುಚಿ ನೋಡಬೇಕು, ಕಹಿಯಿದ್ದರೆ ಎಸೆಯಬೇಕು ಎಂದು ತಿಳಿಸಿತು. ಔಷಧವೆಂದರೆ ಕಹಿಯಾಗಿರಲೇಬೇಕೆಂಬ ಭಾವನೆಯಿಂದ ಆ ಕಹಿಯನ್ನು ಸಹಿಸಿ ಕುಡಿದವರಿಗೇ ಅಪಾಯವಾಯಿತು ಎಂಬುದನ್ನು ಗಮನಿಸಬೇಕು.

ಪಾತ್ರ: ಯಾರಿಗೆ?

ಒಬ್ಬರಿಗೆ ಹಿತವಾದದ್ದು ಮತ್ತೊಬ್ಬರಿಗೆ ಅಹಿತವಾಗಬಹುದು. ಮೆಂತ್ಯವೂ ಹಾಗಲಕಾಯಿಯ ರಸವೂ ರಕ್ತದ ಸಕ್ಕರೆಯನ್ನು ಇಳಿಸುತ್ತವೆ. ಆದ್ದರಿಂದಲೇ ಮಧುಮೇಹದ ಮಾತ್ರೆ ಅಥವಾ ಇನ್ಸುಲಿನ್ ಜೊತೆಗೆ ಅವನ್ನು ಹೆಚ್ಚಾಗಿ ಸೇವಿಸಿದರೆ ಸಕ್ಕರೆ ಅತಿಯಾಗಿ ಕುಸಿದು ಪ್ರಜ್ಞೆ ತಪ್ಪಬಹುದು. ರಕ್ತ ಹೆಪ್ಪುಗಟ್ಟದಂತೆ ಮಾತ್ರೆ ಸೇವಿಸುವವರಿಗೆ ಅರಿಶಿನದ ಸಾರವು ರಕ್ತಸ್ರಾವದ ಭಯವನ್ನು ಹೆಚ್ಚಿಸುತ್ತದೆ. ಗರ್ಭಿಣಿಯರು, ಬಾಣಂತಿಯರು, ಯಕೃತ್ತು ಮೂತ್ರಪಿಂಡಗಳ ತೊಂದರೆಯುಳ್ಳವರು ವೈದ್ಯರ ಅನುಮತಿಯಿಲ್ಲದೆ ಯಾವ ಪೂರಕವನ್ನೂ ಸೇವಿಸಬಾರದು. ಎಳೆಗೂಸಿಗೆ ಬಜೆ ತೇದು ನೆಕ್ಕಿಸುವ, ಜೇನು ಸವರುವ ವಾಡಿಕೆ ಕೆಲವು ಮನೆಗಳಲ್ಲಿ ಇನ್ನೂ ಇದೆ. ಮೊದಲ ಆರು ತಿಂಗಳು ತಾಯಿಯ ಹಾಲಿನ ಹೊರತು ಬೇರೇನೂ ಬೇಡವೆಂಬುದು ವೈದ್ಯರ ಸ್ಪಷ್ಟ ಮಾತು. ಜೇನಂತೂ ವರ್ಷ ತುಂಬದ ಮಗುವಿಗೆ ಪ್ರಾಣಾಪಾಯವನ್ನೇ ತರಬಲ್ಲುದು.

ಪಾತ್ರರಲ್ಲಿ ಉತ್ತಮಪಾತ್ರರು ನಿರ್ಗ್ರಂಥ ಮುನಿಗಳು. ಅವರಿಗೆ ಔಷಧ ನೀಡುವಾಗ ಶ್ರಾವಕನ ಹೊಣೆ ಬಹಳ ದೊಡ್ಡದು. ಮುನಿಗಳು ದಿನಕ್ಕೊಮ್ಮೆ ಮಾತ್ರ, ನಿಂತು, ಕರಪಾತ್ರೆಯಲ್ಲಿ ಆಹಾರ ಸ್ವೀಕರಿಸುತ್ತಾರೆ. ನೀರನ್ನೂ ಅದೇ ವೇಳೆಯಲ್ಲಿ. ಔಷಧವೂ ಆ ಆಹಾರದೊಂದಿಗೇ ಸಲ್ಲಬೇಕು. ಅವರು ಡಬ್ಬಿಯನ್ನು ಓದಲಾರರು, ಮತ್ತೊಂದು ಮಾತ್ರೆಯನ್ನು ಸಂಜೆಗೆ ಎತ್ತಿಟ್ಟುಕೊಳ್ಳಲಾರರು. ಇಂದು ಒಬ್ಬರ ಮನೆಯ ಚೌಕದಲ್ಲಿ ಒಂದು ಕಷಾಯ, ನಾಳೆ ಇನ್ನೊಬ್ಬರ ಮನೆಯಲ್ಲಿ ಬೇರೊಂದು ಚೂರ್ಣ ಸೇರುತ್ತಾ ಹೋದರೆ, ಭಕ್ತರ ಭಕ್ತಿಯೇ ಅವರ ದೇಹಕ್ಕೆ ಭಾರವಾಗುತ್ತದೆ. ಆದ್ದರಿಂದ ಮುನಿಸಂಘದ ಚರ್ಯೆಯನ್ನು ಬಲ್ಲ ವೈದ್ಯರೊಬ್ಬರು ದಿನಕ್ಕೊಂದೇ ವೇಳೆಗೆ ಹೊಂದುವಂತೆ ಔಷಧವನ್ನು ನಿಶ್ಚಯಿಸಬೇಕು. ಸಂಘದ ಜೊತೆಗಿರುವ ಬ್ರಹ್ಮಚಾರಿಗಳು ಅದನ್ನು ಬರೆದಿಟ್ಟು, ಚೌಕ ಹಾಕುವವರಿಗೆ ಮೊದಲೇ ತಿಳಿಸಬೇಕು. ಈ ಕ್ರಮವೂ ವೈಯಾವೃತ್ಯವೆಂಬ ಅಂತರಂಗ ತಪಸ್ಸಿನ ಭಾಗವೇ ಆಗಿದೆ.

ದಾತೃ: ಕೊಡುವವನ ಅರಿವು

ದಾತೃವಿಗೆ ಏಳು ಗುಣಗಳನ್ನು ಶ್ರಾವಕಾಚಾರಗಳು ಹೇಳುತ್ತವೆ: ಶ್ರದ್ಧೆ, ತುಷ್ಟಿ, ಭಕ್ತಿ, ವಿಜ್ಞಾನ, ಅಲೋಭ, ಕ್ಷಮೆ ಮತ್ತು ಶಕ್ತಿ. ಭಕ್ತಿಯ ಪಕ್ಕದಲ್ಲಿಯೇ ವಿಜ್ಞಾನವನ್ನು ಇರಿಸಿರುವುದು ಚಿಂತನೀಯ. ಪಾತ್ರಕ್ಕೆ ಯಾವುದು ಹಿತ, ಯಾವುದು ಅಹಿತ ಎಂಬ ತಿಳಿವಳಿಕೆಯಿಲ್ಲದ ಭಕ್ತಿ ಅಪೂರ್ಣ. ಅಲೋಭವೂ ಇಲ್ಲಿ ಸಲ್ಲುವ ಮಾತೇ. ಲಾಭಕ್ಕಾಗಿ ಪೂರಕಗಳನ್ನು ಮಾರುವವರು ಬಂಧುಗಳಾಗಿರಲಿ, ಬಸದಿಯಲ್ಲಿ ಜೊತೆಗೆ ಕುಳಿತವರಾಗಿರಲಿ, ಅವರ ಸಲಹೆಯನ್ನು ವೈದ್ಯರ ಸಲಹೆಯೆಂದು ತಿಳಿಯಬಾರದು. ಕ್ಯಾನ್ಸರ್, ಮಧುಮೇಹ, ಹೃದ್ರೋಗಗಳನ್ನು ಬೇರುಸಹಿತ ಕೀಳುತ್ತೇವೆಂದು ಹೇಳುವ ಜಾಹೀರಾತು ಸತ್ಯವ್ರತಕ್ಕೆ ವಿರುದ್ಧವಾದದ್ದು. ಅದನ್ನು ಇನ್ನೊಬ್ಬರಿಗೆ ರವಾನಿಸುವವರೂ ಆ ಅಸತ್ಯದಲ್ಲಿ ಪಾಲುದಾರರು.

ರೋಗಿಯ ಕರ್ತವ್ಯವೂ ಇದೆ. ಸೇವಿಸುತ್ತಿರುವ ಮೂಲಿಕೆಗಳನ್ನು ಅಲೋಪತಿ ವೈದ್ಯರಿಂದ, ಮಾತ್ರೆಗಳನ್ನು ಆಯುರ್ವೇದ ವೈದ್ಯರಿಂದ ಮುಚ್ಚಿಡಬಾರದು. ಶಸ್ತ್ರಚಿಕಿತ್ಸೆ ನಿಗದಿಯಾದಾಗಲಂತೂ ಎಲ್ಲವನ್ನೂ ಹೇಳಲೇಬೇಕು. ಗುರುವಿನ ಮುಂದೆ ಆಲೋಚನೆ ಮಾಡುವಾಗ ಏನನ್ನೂ ಬಚ್ಚಿಡಬಾರದೆಂಬ ನಿಯಮವು ವೈದ್ಯರ ಮುಂದೆಯೂ ಹಿತಕರ. ಕಣ್ಣು ಹಳದಿಯಾದರೆ, ಮೂತ್ರ ಕಂದುಬಣ್ಣಕ್ಕೆ ತಿರುಗಿದರೆ, ಮೈ ತುರಿಕೆ, ಓಕರಿಕೆ, ಅರುಚಿ ಕಾಣಿಸಿದರೆ ಆ ಮೂಲಿಕೆಯನ್ನು ಕೂಡಲೇ ನಿಲ್ಲಿಸಿ ವೈದ್ಯರಲ್ಲಿಗೆ ಹೋಗಬೇಕು.

ಔಷಧ ಬಿಡುವುದು ವೈರಾಗ್ಯವೆ?

ಅಸಾತಾವೇದನೀಯ ಕರ್ಮದ ಉದಯದಿಂದ ರೋಗ ಬಂದಿದೆ, ಅನುಭವಿಸಿಯೇ ತೀರಬೇಕು ಎಂದು ಕೆಲವರು ಮಾತ್ರೆಗಳನ್ನು ತೊರೆಯುತ್ತಾರೆ. ದಶಲಕ್ಷಣ ಪರ್ವದಲ್ಲಿ ಇದು ಹೆಚ್ಚು. ಇಲ್ಲಿ ಸಮಂತಭದ್ರರ ಜೀವನದ ಕಥೆಯನ್ನು ನೆನೆಯಬೇಕು. ಭಸ್ಮಕವ್ಯಾಧಿಯಿಂದ ಬಳಲಿದ ಅವರು ಸಲ್ಲೇಖನಕ್ಕೆ ಅನುಮತಿ ಬೇಡಿದಾಗ, ಅವರಿಂದ ಧರ್ಮಪ್ರಭಾವನೆ ಆಗಬೇಕಾದದ್ದು ಬಹಳವಿದೆ ಎಂದು ಗುರುಗಳು ಒಪ್ಪದೆ, ಮೊದಲು ರೋಗವನ್ನು ಶಮನಗೊಳಿಸಿಕೊಳ್ಳುವಂತೆ ಆಜ್ಞಾಪಿಸಿದರೆಂದು ಕಥೆ ಹೇಳುತ್ತದೆ. ಗುಣಹೊಂದಿದ ಮೇಲೆ ಅವರು ಮತ್ತೆ ಮುನಿದೀಕ್ಷೆಯನ್ನು ಸ್ವೀಕರಿಸಿದರು. ಕರ್ಮೋದಯವು ರೋಗಕ್ಕೆ ಕಾರಣವಾದರೆ, ಔಷಧವೂ ವೈದ್ಯನೂ ಅದರ ಉಪಶಮನಕ್ಕೆ ನಿಮಿತ್ತಗಳು. ಮಹಾವ್ರತಿಗಳು ರೋಗಪರೀಷಹವನ್ನು ಸಮಭಾವದಿಂದ ಗೆಲ್ಲುವುದು ಬೇರೆ. ಗೃಹಸ್ಥನು ಯಾರನ್ನೂ ಕೇಳದೆ ರಕ್ತದೊತ್ತಡದ ಮಾತ್ರೆಯನ್ನು ನಿಲ್ಲಿಸಿ ಕಷಾಯವನ್ನು ನಂಬುವುದು ಬೇರೆ.

ಉಪವಾಸಕ್ಕೂ ಇದೇ ವಿವೇಕ ಬೇಕು. ಮಧುಮೇಹಿಗಳು ವ್ರತ ಸ್ವೀಕರಿಸುವ ಮುನ್ನ ವೈದ್ಯರನ್ನು ಕಂಡು ಔಷಧದ ಪ್ರಮಾಣವನ್ನು ಬದಲಿಸಿಕೊಳ್ಳಬೇಕು. ಆಗದಿದ್ದರೆ ಏಕಾಶನ, ಊನೋದರ, ರಸಪರಿತ್ಯಾಗಗಳೂ ತಪಸ್ಸುಗಳೇ. ಶಕ್ತಿಗನುಸಾರವಾದ ತಪಸ್ಸನ್ನೇ ಆಚಾರ್ಯರು ಹೊಗಳಿದ್ದಾರೆ. ದೀರ್ಘ ಉಪವಾಸದ ಪಾರಣೆಯನ್ನು ಮೃದುವಾದ, ಅಲ್ಪವಾದ ಆಹಾರದಿಂದ ಆರಂಭಿಸಬೇಕು. ಒಮ್ಮೆಲೇ ಹೊಟ್ಟೆ ತುಂಬಿದರೆ ದೇಹದ ಲವಣಗಳ ಸಮತೋಲ ಕೆಟ್ಟು ಅಪಾಯವಾಗುತ್ತದೆ.

ಚರ್ಯೆಯೇ ಮೊದಲ ಔಷಧ

ಬೆಲೆ ಕೊಡದೆ ದೊರೆಯುವ ಸಹಜ ಚಿಕಿತ್ಸೆಯೊಂದು ಶ್ರಾವಕನ ದಿನಚರಿಯಲ್ಲಿಯೇ ಇದೆ. ಸೋಸಿ ಕಾಯಿಸಿದ ನೀರು ಜೀವದಯೆಯ ನಿಯಮವಾಗಿ ಬಂದಿದ್ದರೂ ಕರುಳಿನ ಸೋಂಕುಗಳಿಂದ ಕಾಪಾಡುತ್ತದೆ. ಸೂರ್ಯಾಸ್ತಕ್ಕೆ ಮುನ್ನ ಮುಗಿಸಿದ ಊಟದಿಂದ ಎದೆಯುರಿ, ಹುಳಿತೇಗುಗಳು ತಗ್ಗುತ್ತವೆ. ಹಸಿವಿಗಿಂತ ಕೊಂಚ ಕಡಿಮೆ ಉಣ್ಣುವ ಊನೋದರದಿಂದ ದೇಹ ಹಗುರವಾಗುತ್ತದೆ. ಬಸದಿಗೆ ನಡೆದು ಹೋಗುವುದು ವ್ಯಾಯಾಮವೂ ಹೌದು. 48 ನಿಮಿಷಗಳ ಸಾಮಾಯಿಕವು ಚಿತ್ತಕ್ಕೆ ವಿಶ್ರಾಂತಿಯೂ ಹೌದು. ಕರ್ನಾಟಕದಲ್ಲಿ ಧರ್ಮಸ್ಥಳ ಕ್ಷೇತ್ರವು ಉಡುಪಿ, ಹಾಸನಗಳಲ್ಲಿ ಆಯುರ್ವೇದ ಕಾಲೇಜುಗಳನ್ನೂ ಉಜಿರೆಯಲ್ಲಿ ಪ್ರಕೃತಿ ಚಿಕಿತ್ಸೆಯ ಕಾಲೇಜನ್ನೂ ನಡೆಸುತ್ತಿರುವುದು ಔಷಧದಾನದ ಇಂದಿನ ರೂಪ. ಶಾಸ್ತ್ರೀಯವಾಗಿ ಕಲಿತ ವೈದ್ಯರು ಅಲ್ಲಿಂದ ಬರುತ್ತಿರುವಾಗ ಊಹೆಯ ವೈದ್ಯಕ್ಕೆ ಶರಣಾಗಬೇಕಿಲ್ಲ.

ಸಸ್ಯಾಹಾರಿಗಳು ಒಂದು ವಿಷಯವನ್ನು ಗಮನಿಸಬೇಕು. ಬಿ12 ಜೀವಸತ್ವವು ಗಿಡಗಳಲ್ಲಿ ವಿಶ್ವಾಸಾರ್ಹವಾಗಿ ದೊರೆಯುವುದಿಲ್ಲ. ಹಾಲು ಮೊಸರುಗಳಿಂದ ಸ್ವಲ್ಪ ಮಾತ್ರ ದೊರೆಯುತ್ತದೆ. ಅದರ ಕೊರತೆಯಿಂದ ರಕ್ತಹೀನತೆ, ಕೈಕಾಲು ಜೋಮು, ಮರೆವು ಬರುತ್ತವೆ. ಯಾವ ಕಷಾಯವೂ ಈ ಕೊರತೆಯನ್ನು ತುಂಬದು. ಬಿ12 ಅನ್ನು ಸೂಕ್ಷ್ಮಾಣುಗಳ ಹುದುಗುವಿಕೆಯಿಂದ ತಯಾರಿಸುವುದರಿಂದ ಅದು ಮಾಂಸಮೂಲದ್ದಲ್ಲ. ರಕ್ತಪರೀಕ್ಷೆ ಮಾಡಿಸಿ, ಅಗತ್ಯವಿದ್ದರೆ ವೈದ್ಯರು ಹೇಳಿದಷ್ಟು ಸೇವಿಸುವುದು ಅಹಿಂಸಾವ್ರತಕ್ಕೆ ಒಪ್ಪುವ ಮಾರ್ಗ. ಡಿ3 ಜೀವಸತ್ವವು ಮಾತ್ರ ಸಾಮಾನ್ಯವಾಗಿ ಕುರಿಯ ಉಣ್ಣೆಯ ಜಿಡ್ಡಿನಿಂದ ತಯಾರಾಗುತ್ತದೆ. ಸಸ್ಯಮೂಲದ್ದೂ ದೊರೆಯುವುದರಿಂದ ಕೇಳಿ ಕೊಳ್ಳಬಹುದು.

ಉಗ್ರಾದಿತ್ಯಾಚಾರ್ಯರು ಸ್ವಾಸ್ಥ್ಯವನ್ನು ಎರಡಾಗಿ ವಿಂಗಡಿಸಿದ್ದಾರೆ. ಕರ್ಮಗಳೆಲ್ಲ ಕಳೆದು ಆತ್ಮವು ತನ್ನಲ್ಲಿ ತಾನು ನೆಲೆಗೊಳ್ಳುವುದು ಪಾರಮಾರ್ಥಿಕ ಸ್ವಾಸ್ಥ್ಯ. ಧಾತು, ಅಗ್ನಿ, ಮನಸ್ಸುಗಳು ಸಮವಾಗಿರುವುದು ವ್ಯಾವಹಾರಿಕ ಸ್ವಾಸ್ಥ್ಯ. ಎರಡನೆಯದು ಮೊದಲನೆಯದಕ್ಕೆ ಸಾಧನ. ಸಾಧನವನ್ನು ಎಚ್ಚರದಿಂದ ಕಾಯುವವನೇ ಗುರಿಯನ್ನು ಮುಟ್ಟಬಲ್ಲನು. ಮನೆಯ ಹಿರಿಯರಿಗೆ ಒಂದು ಲೋಟ ಕಷಾಯವನ್ನು ನೀಡುವ ಮುನ್ನ, ಅವರು ಈಗಾಗಲೇ ಯಾವ ಮಾತ್ರೆಗಳನ್ನು ಸೇವಿಸುತ್ತಿದ್ದಾರೆಂದು ಕೇಳಿ ತಿಳಿಯುವುದರಿಂದ ಔಷಧದಾನವು ಅಭಯದಾನವೂ ಆಗುತ್ತದೆ.